ಹಾಸಿಗೆಯ ಬಾಕಿ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಮ್ಮ ಕಳ್ಳಂಬೆಳ್ಳದಲ್ಲೂ ಹೇಳ್ತಾರೆ. ಮಲಗಿದ ಮೇಲೆ ಅವಳಿಗೆ ಇಷ್ಟವಿತ್ತಾ ಅಂತ ಯಾರೂ ಕೇಳಲ್ಲ.

ಬೈಬಲ್ಲಿನ ಪೌಲ ಆ ಕೋಣೆಯೊಳಗೂ ಇಣುಕಿದವನು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಹೆಂಡತಿಯ ದೇಹದ ಮೇಲೆ ಗಂಡನಿಗೆಷ್ಟು ಅಧಿಕಾರವೋ, ಗಂಡನ ದೇಹದ ಮೇಲೆ ಅವಳಿಗೂ ಅಷ್ಟೇ ಕೊಡುತ್ತಾನೆ. ಆ ಕಾಲಕ್ಕೆ ದೊಡ್ಡ ಮಾತೇ. ನನ್ನ ತಕರಾರು ಬೇರೆ: ಅವನಿಗೆ ದಾಂಪತ್ಯಸುಖ ಅಂದ್ರೆ ಸಲ್ಲಿಸಬೇಕಾದ ಬಾಕಿ. ಬಾಕಿ ಅಂದಮೇಲೆ ವಸೂಲಿಯೂ ಬರುತ್ತಲ್ಲ!

ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ಪುಸ್ತಕದಲ್ಲಿ ಉಲ್ಟಾ ಹೊರಟರು. ಚಿಕಿತ್ಸೆಗೆ ಬಂದ ದಂಪತಿಗೆ ಮೊದಲು ಸಂಭೋಗವೇ ಬೇಡ, ಬರೀ ಸ್ಪರ್ಶ ಸಾಕು ಅಂದರು. ಒತ್ತಡ ಇಳಿದರೆ ಆಸೆ ತಾನಾಗೇ ಬರುತ್ತೆ ಅನ್ನೋ ಲೆಕ್ಕ.

2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ಒಬ್ಬ ಗಂಡನ ಮೇಲಿದ್ದ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. 2024ರಲ್ಲಿ ಜಾರಿಯಾದ ನ್ಯಾಯ ಸಂಹಿತೆಯಲ್ಲೂ, ಹೆಂಡತಿಗೆ 18 ತುಂಬಿದ್ದರೆ, ಗಂಡನಿಗೆ ವಿನಾಯಿತಿ ಇದ್ದೇ ಇದೆ.