ಮೊದಲು ಡಿಕ್ಕಿ ತೆಗೆಸಿ

ಟೈರಿನ ಗಾಳಿಯ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅದು ಇನ್ನೊಂದು ವಾರ ಕಾಯಲಿ. ಎರಡು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸ್ಟೇಷನ್ ವ್ಯಾಗನ್ ಯಾವುದು ತಗೊಳ್ಳಲಿ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮದುವೆ ಫೋಟೋ ತೆಗೆಯುವವರು, ಮೈಕ್ ಸೆಟ್ಟಿನವರು, ದೊಡ್ಡ ನಾಯಿ ಸಾಕಿಕೊಂಡವರು. ಇವರಿಗೆಲ್ಲ ಬೇಕಾಗಿರುವುದು ಕಾರಿನ ಹಾಗೆ ಓಡುವ, ಗೂಡ್ಸ್ ಆಟೋದಷ್ಟು ಹೊರುವ ಗಾಡಿ. ಆಸೆ ನ್ಯಾಯವಾದದ್ದೇ.

ಆದರೆ ನಮ್ಮ ದೇಶದಲ್ಲಿ ಈ ಜಾತಿಯ ಗಾಡಿಗಳು ಬೆರಳೆಣಿಕೆಯವು. ಮಾರುತಿಯ ಬಲೆನೋ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಫಿಯೆಟ್ ಸಿಯೆನಾ ವೀಕೆಂಡ್, ಸ್ಕೋಡಾ ಆಕ್ಟೇವಿಯಾ ಕಾಂಬಿ, ಟಾಟಾ ಇಂಡಿಗೋ ಮರೀನಾ. 1992ರ ಟಾಟಾ ಎಸ್ಟೇಟ್ ಈಗ ಸಂಗ್ರಹಕಾರರ ಪಾಲು. ದಿನಾ ಓಡಿಸಬೇಕಾದವರು ಅದರ ತಂಟೆಗೆ ಹೋಗಬೇಡಿ. ಉಳಿದವುಗಳಲ್ಲಿ ಕೈಯಲ್ಲಿ ಕಾಸು ಕಡಿಮೆ ಇರುವವರು ಕೊಳ್ಳಬೇಕಾದದ್ದು ಒಂದೇ, ಮರೀನಾ. 2004ರಲ್ಲಿ ಬಂದದ್ದು. ನೋಡಲು ಸುಮಾರು, ಡೀಸೆಲ್ಲಾದರೆ ಗಲಾಟೆಯೂ ಸುಮಾರು. ಆದರೂ ಅದೇ.

ಆಲ್ಟುರಾ ಭಕ್ತರು ಈ ಸಾಲಿಗೆ ಕಾಯುತ್ತಿದ್ದರು ಅಂತ ಗೊತ್ತು. ಆ 1.6 ಲೀಟರ್ ಎಂಜಿನ್ನಿನ ನಯ ಮರೀನಾಕ್ಕೆ ಏಳು ಜನ್ಮಕ್ಕೂ ಬರದು, ಒಪ್ಪಿದೆ. ಆದರೆ ಭಕ್ತಿಯಿಂದ ಬಿಡಿಭಾಗ ಸಿಗುವುದಿಲ್ಲ. ಮರೀನಾದ ಮುಂದಿನ ಅರ್ಧ ಇಂಡಿಗೋ, ಅಂದರೆ ಹೆಚ್ಚುಕಡಿಮೆ ಇಂಡಿಕಾ. ಇಂಡಿಕಾ ರಾಜ್ಯದ ತುಂಬ ಟ್ಯಾಕ್ಸಿಯಾಗಿ ಓಡಿದ ಗಾಡಿ. ರಾಣೆಬೆನ್ನೂರಿರಲಿ, ಚಿಂತಾಮಣಿಯಿರಲಿ, ಅದರ ಹೆಡ್ ಬಿಚ್ಚಿ ಕೂರಿಸಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಟರ್ ಪಂಪ್, ಕ್ಲಚ್ ಪ್ಲೇಟ್, ಲೋಯರ್ ಆರ್ಮ್ ಕೇಳಿದರೆ ಅಂಗಡಿಯವರು ಎದ್ದು ನಿಲ್ಲುವ ಶ್ರಮವನ್ನೂ ತಗೊಳ್ಳದೆ ಕೈಚಾಚಿ ತೆಗೆದು ಕೊಡುತ್ತಾರೆ. ಬಡವನ ಕಾರಿನ ಭರವಸೆ ಇರುವುದು ಆ ಅಂಗಡಿಯ ಶೆಲ್ಫಿನಲ್ಲಿ.

ಹಾಗಾದರೆ ಎಡವುವುದೆಲ್ಲಿ? ವ್ಯಾಗನ್ನಿನ ಹಿಂದಿನ ಅರ್ಧದಲ್ಲಿ. ಹಿಂಬಾಗಿಲು, ಅದರ ಗಾಜು, ಪಕ್ಕದ ಉದ್ದ ಗಾಜು, ಟೈಲ್ ಲ್ಯಾಂಪು, ಇವು ಆ ಮಾಡೆಲ್ಲಿಗೆ ಮಾತ್ರ ಮಾಡಿದವು. ಎಂಜಿನ್ ಕೈಕೊಟ್ಟರೆ ಇನ್ನೊಂದು ಎಂಜಿನ್ ಸಿಕ್ಕೀತು. ಹಿಂಬಾಗಿಲ ಗಾಜು ಒಡೆದರೆ ಗುಜರಿ ಗುಜರಿ ಅಲೆಯಬೇಕು. ಅದಕ್ಕೇ ನಾನು ವರ್ಷಗಳಿಂದ ಬಡಿದುಕೊಳ್ಳುತ್ತಿರುವುದು: ಸೆಡಾನ್ ನೋಡುವಾಗ ಬಾನೆಟ್ ತೆಗೆಸಿ, ವ್ಯಾಗನ್ ನೋಡುವಾಗ ಮೊದಲು ಡಿಕ್ಕಿ ತೆಗೆಸಿ.

ತೆಗೆಸಿದ ಮೇಲೆ ಅವಸರ ಬೇಡ. ಹಿಂಬಾಗಿಲನ್ನು ಪೂರ್ತಿ ಎತ್ತಿ ಕೈ ಬಿಡಿ. ನಿಧಾನಕ್ಕೆ ಇಳಿಯತೊಡಗಿದರೆ ಗ್ಯಾಸ್ ಸ್ಟ್ರಟ್ ಸತ್ತಿದೆ, ತಲೆ ಜೋಪಾನ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗನ್ನು ಒಂದು ಮೂಲೆಯಲ್ಲಿ ಎಳೆದು ನೋಡಿ. ಕೆಳಗಿನ ತಗಡಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿ ಕಾಣಬೇಕು. ಗುಳಿಗಳಿಲ್ಲದೆ ಪುಟ್ಟಿ ಬಳಿದು ನುಣ್ಣಗಾಗಿದ್ದರೆ ಯಾರೋ ಹಿಂದಿನಿಂದ ಗುದ್ದಿದ್ದಾರೆ, ಟಿಂಕರಿಂಗ್ ಆಗಿದೆ. ಆಮೇಲೆ ಮ್ಯಾಟ್ ಎತ್ತಿ, ಸ್ಟೆಪ್ನಿಯನ್ನೂ ಎತ್ತಿ, ಅದರ ಗುಂಡಿಗೆ ಬೆರಳು ಹಾಕಿ. ಒದ್ದೆ ಮಣ್ಣು, ತುಕ್ಕಿನ ಪುಡಿ, ಮುಗ್ಗಲು ವಾಸನೆ ಇದ್ದರೆ ನೀರು ಎಲ್ಲಿಂದಲೋ ಇಳಿಯುತ್ತಿದೆ. ಬೀಡಿಂಗಿನಿಂದ ಇರಬಹುದು, ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಪೈಪಿನಿಂದಲೂ ಇರಬಹುದು. ಆ ಪೈಪು ಮಡಿಚಿಕೊಳ್ಳುವ ಹಿಂಜಿನ ಹತ್ತಿರವೇ ಬಿರಿಯುತ್ತದೆ. ಕಾರವಾರ, ಉಡುಪಿ ಕಡೆಯ ಗಾಡಿಯಾದರೆ ಇನ್ನೂ ಹುಷಾರು.

ಹಿಂದಿನ ಬಂಪರಿನ ಅಂಚು ಗೀರುಗಳಿಂದ ಬಿಳಿಚಿದೆಯೇ? ಸಮತಟ್ಟು ನೆಲದಲ್ಲಿ ನಿಲ್ಲಿಸಿದಾಗ ಹಿಂಭಾಗ ಕುಸಿದಿದೆಯೇ? ಹಾಗಿದ್ದರೆ ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು’ ಎಂಬ ಪುರಾಣ ಕೇಳಿ ನಕ್ಕುಬಿಡಿ. ಬ್ರೋಕರ್‌ಗಳ ಮಾತು ನಂಬಿದರೆ ಈ ರಾಜ್ಯದ ಡಾಕ್ಟರುಗಳು ಆಸ್ಪತ್ರೆಗೆ ಹೋದದ್ದಕ್ಕಿಂತ ಕಾರು ಕೊಂಡದ್ದೇ ಜಾಸ್ತಿ.

ಮೀಟರಿನ ಕಿಲೋಮೀಟರನ್ನೇ ಜಪಿಸುವ ಇನ್ನೊಂದು ಪಂಥವಿದೆ. ಇಪ್ಪತ್ತು ವರ್ಷದ ಗಾಡಿಯ ಮೀಟರು ಹೇಳುವುದನ್ನು ನಂಬುವವರಿಗೆ ನನ್ನಲ್ಲಿ ಔಷಧವಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ, ಬೆಲೆಯಲ್ಲಿ ಕಳೆಯಿರಿ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಎಣ್ಣೆ ತೇಲುತ್ತಿದ್ದರೆ ನಮಸ್ಕಾರ ಹೇಳಿ ಬನ್ನಿ. ಇದೆಲ್ಲ ನಿಮಗೆ ಗೊತ್ತಿರುವುದೇ.

ಅಂದಹಾಗೆ, ಇಷ್ಟು ಉಪಯೋಗದ ಗಾಡಿಗಳು ಯಾಕೆ ಮಾಯವಾದವು? ಜನರಿಗೆ ಇಷ್ಟವಾಗಲಿಲ್ಲ ಅನ್ನುವುದು ಅರ್ಧ ಸತ್ಯ. 2006ರ ಬಜೆಟ್ಟಿನಲ್ಲಿ ಚಿದಂಬರಂ ಅವರು ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಅಂದರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಮರೀನಾದ 1405 ಸಿಸಿ ಡೀಸೆಲ್ ಎಂಜಿನ್ ಈ ಲೆಕ್ಕದಲ್ಲಿ ಪಾಸು. ಫೇಲಾದದ್ದು ಒಂದು ಗೇಣು ಬಾಲದಿಂದ. 2008ರಲ್ಲಿ ಟಾಟಾದವರು ಇಂಡಿಗೋದ ಬಾಲ ಕತ್ತರಿಸಿ ಸಿಎಸ್ ಅಂತ ಮಾರಿದರು, ಅದು ಚೆನ್ನಾಗಿಯೇ ಹೋಯಿತು. ಬಾಲವೇ ಬಂಡವಾಳವಾದ ವ್ಯಾಗನ್ನಿನಲ್ಲಿ ಕತ್ತರಿಸುವುದಾದರೂ ಏನನ್ನು? ಆಮೇಲೆ ಬಂದವು ನೋಡಿ, ಅದೇ 4 ಮೀಟರಿನೊಳಗೆ ಉಬ್ಬಿ ನಿಂತ ಕಾಂಪ್ಯಾಕ್ಟ್ ಎಸ್‌ಯುವಿಗಳು. ನೆಲದಿಂದ ಮೇಲಕ್ಕೆ ಬೆಳೆದ ಕಾರು, ಎದೆಮಟ್ಟಕ್ಕೆ ಎತ್ತಿ ತುಂಬಬೇಕಾದ ಡಿಕ್ಕಿ. ಇಪ್ಪತ್ತೈದು ಕಿಲೋ ಅಕ್ಕಿ ಚೀಲವನ್ನು ಒಂದು ಸಲ ಮರೀನಾಕ್ಕೂ ಇನ್ನೊಂದು ಸಲ ಇವಕ್ಕೂ ಹಾಕಿ ನೋಡಿ, ಸೊಂಟವೇ ತೀರ್ಪು ಕೊಡುತ್ತದೆ.

ಕಾಗದಪತ್ರದ ಖರ್ಚು ಮರೆಯಬೇಡಿ. 15 ವರ್ಷ ಮುಗಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. 2025ರ ಆಗಸ್ಟಿನ ಆದೇಶದಂತೆ 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವೇ 10,000 ರೂಪಾಯಿ. ಮೊದಮೊದಲ ಮರೀನಾಗಳು ಆ ಗೆರೆ ದಾಟಿಯಾಗಿದೆ. ಹಸಿರು ತೆರಿಗೆ ಬೇರೆ. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸದ ಗಾಡಿಯಾದರೆ ಅದನ್ನೂ ಮಾರುವವರ ತಲೆಗೇ ಕಟ್ಟಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದರೆ ಹಳೆಯ ಸಾಲ ಇನ್ನೂ ನೇತಾಡುತ್ತಿದೆಯೇ ಅನ್ನುವುದು ಗೊತ್ತಾಗುತ್ತದೆ. ದೆಹಲಿಯಿಂದ ಅಗ್ಗಕ್ಕೆ ಬರುವ ಆಕ್ಟೇವಿಯಾ ಕಾಂಬಿಗೆ ಮರುಳಾಗುವವರು ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ ಎಲ್ಲ ಕೂಡಿಸಿ ನೋಡಿ. ಅಗ್ಗ ಎಲ್ಲಿಗೆ ಹೋಯಿತೆಂದು ಹುಡುಕಬೇಕಾದೀತು. ಎರಡು ಲಕ್ಷ ಇದ್ದವರು ಗಾಡಿಗೆ ಒಂದೂಕಾಲು ಕೊಡಿ, ಉಳಿದದ್ದನ್ನು ಸಸ್ಪೆನ್ಷನ್, ಟೈರು, ಬೆಲ್ಟಿಗೆ ಇಟ್ಟುಕೊಳ್ಳಿ.

ಕೋರ್ಸಾ ಸ್ವಿಂಗ್ ಬಗ್ಗೆ ಪತ್ರ ಬರೆದ ಶಿವಮೊಗ್ಗದ ಓದುಗರಿಗೆ: ಓಪೆಲ್ ಹೆಸರು ಭಾರತದಿಂದ ಹೋದದ್ದು 2006ರಲ್ಲಿ, ಅದನ್ನು ತಂದ ಜನರಲ್ ಮೋಟಾರ್ಸ್ ಇಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ನೀವು ಕಳಿಸಿದ ಫೋಟೋದಲ್ಲಿ ಎಡಗಡೆಯ ಟೈಲ್ ಲ್ಯಾಂಪ್ ಬಿರುಕು ಬಿಟ್ಟಿದೆ. ಇನ್ನೊಂದನ್ನು ಎಲ್ಲಿಂದ ತರುತ್ತೀರೆಂದು ಮಾರುವವರನ್ನೇ ಕೇಳಿ, ಆಮೇಲೆ ಅಡ್ವಾನ್ಸ್ ಮಾತಾಡಿ.