ಬಾಗುವ ಮರದ ಪರದೆ

1980ರ ದಶಕದಲ್ಲಿ ನಮ್ಮ ನಡುಮನೆಗಳಿಗೆ ಬಂದ ಹಲವು ಟಿ.ವಿ.ಗಳಿಗೆ ಮರದ ಪೆಟ್ಟಿಗೆ, ಅದರ ಮುಂದೆ ಸರಿಯುವ ಶಟರ್ ಇರುತ್ತಿತ್ತು. ಟಿ.ವಿ.ಯನ್ನು ಮರೆಮಾಡಲು ಅದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ. ಬಾಗದ ಮರ ಅಲ್ಲಿ ಬಾಗುತ್ತದೆ. ಕಿರಿದಾದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ಹಿಂಬದಿಗೆ ದಪ್ಪ ಬಟ್ಟೆ ಅಂಟಿಸುತ್ತಾರೆ. ಪಟ್ಟಿಗಳ ತುದಿಗಳು ಮೇಲೆ, ಕೆಳಗೆ ಕೊರೆದ ಜಾಡಿನಲ್ಲಿ ಓಡುತ್ತವೆ. ಅಂಟು ಸಂದಿಗೆ ಇಳಿದರೆ ಶಟರ್ ಸೆಟೆದು ನಿಲ್ಲುತ್ತದೆ, ಜಾಡಿನ ತಿರುವು ತುಸು ಬಿಗಿಯಾದರೂ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ತಿರುವನ್ನು ಉಜ್ಜಿ ನುಣುಪಾಗಿಸಿ, ಮೇಣ ಸವರಿದ ಮೇಲೆ ಒಂದೇ ಬೆರಳಿಗೆ ಸರಸರನೆ ಸರಿದು ಪೆಟ್ಟಿಗೆಯ ಮಗ್ಗುಲಲ್ಲಿ ಮಾಯವಾಗುವ ಆ ಸದ್ದಿದೆಯಲ್ಲ, ಕೆಲಸದ ಅಚ್ಚುಕಟ್ಟಿಗೆ ಅದೇ ಸಾಕ್ಷಿ.

ಈಗಿನ ಟಿ.ವಿ. ತೆಳು, ಅಗಲ, ಹಳೆಯ ಉಪಾಯ ಅದಕ್ಕೆ ಒಗ್ಗದು ಎನ್ನುವವರಿದ್ದಾರೆ. ಅಗಲ ಹೆಚ್ಚಿದರೆ ಶಟರನ್ನು ನಡುವೆ ಇಬ್ಭಾಗಿಸಿ ಎರಡೂ ಕಡೆಗೆ ಸರಿಸಬಹುದು. ಪಟ್ಟಿ ಕಿರಿದಾದಷ್ಟೂ ಇಕ್ಕಟ್ಟಾದ ತಿರುವನ್ನು ದಾಟುವುದರಿಂದ ಹೆಚ್ಚು ಆಳವೂ ಬೇಡ. ನೋಡದಿರುವಾಗ ಪರದೆಯ ಮೇಲೇ ಕಲಾಕೃತಿ ತೋರಿಸುವ, 2017ರಲ್ಲಿ ಬಂದ ಸ್ಯಾಮ್‌ಸಂಗ್‌ನ ‘ದಿ ಫ್ರೇಮ್’ ಟಿ.ವಿ. ಸೊಗಸಾದ ಯೋಚನೆಯೇ, ಆದರೆ ಆ ಚಿತ್ರ ಕಾಣಬೇಕಾದರೆ ವಿದ್ಯುತ್ ಖರ್ಚಾಗುತ್ತಲೇ ಇರಬೇಕು. ಕದವಿರುವ ಬೀರು ಸಾಲದೇ? ತೆರೆದ ಕದ ನೋಡುವವರ ಕಣ್ಣಿಗೂ ಓಡಾಡುವವರ ದಾರಿಗೂ ಅಡ್ಡ. ಶಟರ್ ತೆರೆದಾಗ ತಾನೇ ಇಲ್ಲವಾಗುತ್ತದೆ. ಮುಚ್ಚಿದಾಗ ತೇಗದ ಗೆರೆಗಳು ಪಟ್ಟಿಯಿಂದ ಪಟ್ಟಿಗೆ ಮುರಿಯದೆ ಹರಿಯಲೆಂದು, ಒಂದೇ ಹಲಗೆಯಿಂದ ಸೀಳಿದ ಪಟ್ಟಿಗಳನ್ನು ಅದೇ ಕ್ರಮದಲ್ಲಿ ಕೂಡಿಸುತ್ತಾರೆ ಒಳ್ಳೆಯ ಬಡಗಿಗಳು.