ತೇರಿಗಿಂತ ಎತ್ತರದ ತೊಟ್ಲ್

ನಮ್ಮ ಕಡೆ ಸಿನಿಮಾಕ್ಕೆ ವಿಮರ್ಶೆ ಇದೆ, ಯಕ್ಷಗಾನದ ಒಂದೊಂದು ಕುಣಿತಕ್ಕೂ ಇದೆ, ಮದುವೆ ಮನೆಯ ಸಾರಿಗಂತೂ ಕೈ ತೊಳೆಯುವ ಮೊದಲೇ ಇದೆ. ಜಾತ್ರೆಯ ತೊಟ್ಲಿಗೆ ಮಾತ್ರ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಾಣೆ. ತೊಟ್ಲ್ ಅಂದರೆ ಜಯಂಟ್ ವೀಲ್. ಅದರ ಬಗ್ಗೆ ನಾವು ಬರೆಯುವುದೆಲ್ಲ ನೆನಪಿನ ಬರಹ. ಅಜ್ಜನ ಕೈ, ಎಂಟಾಣೆ, ಬಣ್ಣದ ಮಿಠಾಯಿ, ಕಣ್ಣಂಚಲ್ಲಿ ನೀರು. ಇದೆಲ್ಲ ಸರಿಯೇ. ಆದರೆ ನಾಲ್ಕು ಮತ್ತು ಎಂಟು ವರ್ಷದ ಎರಡು ಮಕ್ಕಳನ್ನು ಅಲ್ಲಿ ಕೂರಿಸುವವರಿಗೆ ಎಂಟಾಣೆಯ ನೆನಪಿಗಿಂತ ಬೋಲ್ಟ್ ಬಿಗಿ ಇದೆಯಾ ಎನ್ನುವ ವಿಷಯ ಸ್ವಲ್ಪ ಹೆಚ್ಚು ಮುಖ್ಯ.

ಬೆಂಗಳೂರಲ್ಲಿ ಹುಟ್ಟಿದವರಿಗೆ ಬಾಲ್ಯದ ಪಾರ್ಕು ಅಂದರೆ ಬಿಡದಿ ದಾರಿಯ ವಂಡರ್‌ಲಾ ಇರಬಹುದು. ಅದು ಶುರುವಾದದ್ದು 2005ರಲ್ಲಿ. ಆ ಹೊತ್ತಿಗೆ ನನ್ನ ಬಾಲ್ಯ ಮುಗಿದಿತ್ತು. ಕುಂದಾಪ್ರ ಕಡೆಯ ನಮಗೆ ಇದ್ದ ಪಾರ್ಕು ಕೋಟೇಶ್ವರದ ಕೊಡಿ ಹಬ್ಬ. ಕೋಟಿಲಿಂಗೇಶ್ವರನ ತೇರು, ಕೋಟಿತೀರ್ಥದ ಸುತ್ತ ಅಕ್ಕಿ ಹಾಕುತ್ತಾ ನಡೆಯುವ ಸುತ್ತಕ್ಕಿ ಸೇವೆ, ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವ ಹೊಸ ಜೋಡಿಗಳು. ಇವೆಲ್ಲ ದೊಡ್ಡವರ ಹಬ್ಬ. ಮಕ್ಕಳ ಹಬ್ಬ ತೇರಿನ ದಾರಿ ಬಿಟ್ಟು ಆಚೆ ಗದ್ದೆಯಲ್ಲಿ. ವರ್ಷಕ್ಕೊಮ್ಮೆ ಲಾರಿಯಲ್ಲಿ ಬಂದು ಕಬ್ಬಿಣದ ತುಂಡುತುಂಡಾಗಿ ಇಳಿಯುವ, ನಾಲ್ಕು ದಿನ ಹೊಳೆದು ಮತ್ತೆ ಲಾರಿ ಹತ್ತುವ ಪಾರ್ಕು ಅದು. ಪ್ರತಿ ವರ್ಷ ಮುಚ್ಚುತ್ತದೆ, ಪ್ರತಿ ವರ್ಷ ತೆರೆಯುತ್ತದೆ. ಕೊರೊನಾ ಕಾಲದಲ್ಲಿ ಊರೂರ ಜಾತ್ರೆಗಳು ದೇವಸ್ಥಾನದ ಅಂಗಳಕ್ಕೆ ಸೀಮಿತವಾದಾಗ ಈ ಲಾರಿಗಳು ನಿಂತವು. ಮಗ ಹುಟ್ಟಿದ್ದು ಆ ನಂತರ. ಹಾಗಾಗಿ ನನ್ನ ಮಟ್ಟಿಗೆ ಇದು ಎರಡು ಪಟ್ಟು ಮತ್ತೆ ತೆರೆದ ಪಾರ್ಕು.

ಮೊದಲು ತೊಟ್ಲ್. ನಾನು ಸಣ್ಣವನಿದ್ದಾಗ ಮರದ ನಾಲ್ಕು ತೊಟ್ಟಿಲಿನದ್ದೂ ಇತ್ತು, ಇಬ್ಬರು ಗಂಡಸರು ಕೈಯಲ್ಲೇ ತಿರುಗಿಸುತ್ತಿದ್ದರು. ಈಗ ಜನರೇಟರ್, ಎಲ್‌ಇಡಿ, ತೇರಿನ ಕಳಶಕ್ಕಿಂತ ಎತ್ತರ. ಇದರ ಮೂಲಪುರುಷ 1893ರ ಷಿಕಾಗೋ ಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರ್ ನಿಲ್ಲಿಸಿದ ಚಕ್ರ. 264 ಅಡಿ, 36 ಡಬ್ಬಿ, ಒಂದೊಂದರಲ್ಲಿ 60 ಜನ, ಎರಡು ಸುತ್ತಿಗೆ 50 ಸೆಂಟ್. ಕೊಲಂಬಸ್ ಅಮೆರಿಕ ಮುಟ್ಟಿ 400 ವರ್ಷವಾಯಿತು ಎಂದು ನಡೆಸಿದ ಮೇಳ ಅದು. ನಮ್ಮ ಜಾತ್ರೆಯಲ್ಲಿ ತೊಟ್ಲ್ ಪಕ್ಕದಲ್ಲೇ ತೂಗುವ ಹಡಗಿನ ಹೆಸರೂ ಕೊಲಂಬಸ್. ಇಬ್ಬರೂ ಒಂದೇ ಗದ್ದೆಯಲ್ಲಿ ಹೇಗೆ ಸೇರಿಕೊಂಡರೋ ಕೊಲಂಬಸ್ಸೇ ಹೇಳಬೇಕು.

ತೊಟ್ಲಿನ ಒಳ್ಳೆಯ ಗುಣ ಅದರ ನಿಧಾನ. ಜನ ಹತ್ತಿಸುವಾಗ ಒಂದೊಂದು ಡಬ್ಬಿಗೂ ನಿಲ್ಲುತ್ತದಲ್ಲ, ಆಗ ನೀವು ತುದಿಯಲ್ಲಿ ತೂಗುತ್ತಾ ಸುಮ್ಮನೆ ಕೂತಿರಬೇಕು. ಕೆಳಗೆ ದೇವಸ್ಥಾನದ ದೀಪ, ಕೆರೆಯ ಕಪ್ಪು ನೀರು, ಹೆದ್ದಾರಿಯ ಬಸ್ಸು, ಪಡುವಣಕ್ಕೆ ಕತ್ತಲು. ಆ ಕತ್ತಲೇ ಸಮುದ್ರ. ಎಂಟು ವರ್ಷದವಳಿಗೆ ಅಜ್ಜಿ ಮನೆ ಯಾವ ದಿಕ್ಕು ಎಂದು ಗೊತ್ತಾದದ್ದು ಅಲ್ಲಿ. ಮೊಬೈಲ್ ನಕ್ಷೆಯಲ್ಲಿ ಹತ್ತು ಸಲ ತೋರಿಸಿದರೂ ಆಗದ ಕೆಲಸ. ವಂಡರ್‌ಲಾದಲ್ಲೂ ಎತ್ತರದ ಚಕ್ರ ಇದೆ, ಚಂದವೂ ಇದೆ, ಆದರೆ ಮೇಲಿಂದ ಕಾಣುವ ಮನೆಯಲ್ಲಿ ನಮ್ಮದು ಯಾವುದೂ ಇಲ್ಲ.

ಕೆಟ್ಟ ಗುಣವನ್ನೂ ಹೇಳಬೇಕು. ದೊಡ್ಡ ಪಾರ್ಕುಗಳಲ್ಲಿ ಮಗುವಿನ ಎತ್ತರ ಅಳೆಯಲು ಕೋಲು ಇರುತ್ತದೆ. ಗೆರೆ ಮುಟ್ಟದಿದ್ದರೆ ಎಷ್ಟು ಅತ್ತರೂ ಒಳಗೆ ಬಿಡುವುದಿಲ್ಲ. ಜಾತ್ರೆಯಲ್ಲಿ ಅಳತೆಗೋಲು ಅಂದರೆ ತಿರುಗಿಸುವವನ ಕಣ್ಣು. ಯಾವ ಊರು ಅಂತ ಬೇಡ, ಒಂದು ಜಾತ್ರೆಯಲ್ಲಿ ನಾವು ಕೂತ ಡಬ್ಬಿಯ ಬಾಗಿಲಿಗೆ ಚಿಲಕವೇ ಇರಲಿಲ್ಲ, ಬದಲಿಗೆ ಪ್ಲಾಸ್ಟಿಕ್ ಹಗ್ಗ. ಕೇಳಿದ್ದಕ್ಕೆ "ಕುಛ್ ನಹೀ ಹೋತಾ ಸಾಬ್" ಅಂದ. ಇಳಿದು ಬಂದೆವು, ಟಿಕೆಟ್ ದುಡ್ಡು ವಾಪಸ್ ಬರಲಿಲ್ಲ. ನಮ್ಮ ಕಾಲದಲ್ಲೂ ಹಗ್ಗವೇ ಇತ್ತು, ನಾವೇನು ಸತ್ತಿದ್ವಾ ಎನ್ನುವ ವಾದ ಊರಲ್ಲಿ ಬಹಳ ಬಲವಾಗಿದೆ. ಈ ವಾದ ಮಾಡುವವರು ಬದುಕಿ ಉಳಿದವರು ಮಾತ್ರ ಎನ್ನುವುದನ್ನು ಮರೆಯಬಾರದು. ನಾಲ್ಕು ದಿನಕ್ಕೆ ಜೋಡಿಸಿ ಬಿಚ್ಚುವ ಯಂತ್ರವನ್ನು ಪ್ರತಿ ಸಲ ಜೋಡಿಸಿದ ಮೇಲೆ ಯಾರಾದರೂ ನೋಡಬೇಕು. ನೋಡಿದವರ ಸಹಿ ಇರುವ ಒಂದು ಕಾಗದ ಟಿಕೆಟ್ ಕೌಂಟರಿಗೆ ಅಂಟಿರಬೇಕು. ಹೋಟೆಲಿನಲ್ಲಿ ಲೈಸೆನ್ಸು ಗೋಡೆಯ ಮೇಲೆ ಕೇಳುವ ನಾವು ಇಲ್ಲಿ ಕೇಳುವುದಿಲ್ಲ, ಯಾಕೆಂದರೆ ಇದು 'ನಮ್ಮ' ಜಾತ್ರೆ.

ಸಾವಿನ ಬಾವಿಗೆ ನನ್ನ ಪೂರ್ತಿ ಅಂಕ. ಹಲಗೆ ಜೋಡಿಸಿದ ನೆಟ್ಟಗಿನ ಗೋಡೆ, ಸೈಲೆನ್ಸರ್ ಕಿತ್ತ ಬೈಕು. ವೇಗ ಇರುವಷ್ಟು ಹೊತ್ತು ಚಕ್ರ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದಿಂದ ಬರುವ ಘರ್ಷಣೆ ಬೈಕನ್ನು ಬೀಳದಂತೆ ಹಿಡಿಯುತ್ತದೆ. ಹೈಸ್ಕೂಲಲ್ಲಿ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದನ್ನು ಆ ಮನುಷ್ಯ ಕೈ ಬಿಟ್ಟು, ಜನ ಚಾಚಿದ ಹತ್ತರ ನೋಟು ಕಸಿದುಕೊಳ್ಳುತ್ತಾ ತೋರಿಸುತ್ತಾನೆ. ಬೈಕು ಹತ್ತಿರ ಬಂದಾಗ ನಾವು ನಿಂತ ಹಲಗೆಯೂ ಅಲುಗುತ್ತದೆ. ಮಗ ನನ್ನ ಕಿವಿ ಮುಚ್ಚಿದ, ತನ್ನದನ್ನಲ್ಲ. ಇಷ್ಟು ಹತ್ತಿರದಿಂದ ಒಬ್ಬನ ಕೌಶಲ್ಯ ನೋಡುವ ಅವಕಾಶ ನಗರದ ಯಾವ ಪಾರ್ಕಿನಲ್ಲೂ ನನಗೆ ಸಿಕ್ಕಿಲ್ಲ. ಅಲ್ಲಿ ಕೌಶಲ್ಯವೆಲ್ಲ ಯಂತ್ರದ ಒಳಗಿರುತ್ತದೆ.

ಹೊಸತಾಗಿ ಬಂದವುಗಳಲ್ಲಿ ಗಾಳಿ ತುಂಬಿದ ಜಾರುಬಂಡಿ, ಬ್ಯಾಟರಿ ಕಾರು. ಇವು ಮಾಲಿನಿಂದ ಜಾತ್ರೆಗೆ ಬಂದವು, ಮಾಲಿಗೇ ವಾಪಸ್ ಹೋಗಬಹುದು. ಐದು ನಿಮಿಷ, ಸೀಟಿ, ಮುಂದಿನ ಮಗು. ಅಪ್ಪ ಅಮ್ಮ ಬೇಲಿಯ ಹೊರಗೆ ಫೋನ್ ಹಿಡಿದು ನಿಂತಿರುತ್ತಾರೆ. ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನ ಮೆರಿ-ಗೋ-ರೌಂಡಿಗೆ ಕರೆದೊಯ್ದು, ತಾನು ಬೆಂಚಿನ ಮೇಲೆ ಕೂತು ಬೇಜಾರಾಗಿ, ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವ ಜಾಗ ಬೇಕು ಅಂದುಕೊಂಡನಂತೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ತೊಟ್ಲಿನಲ್ಲಿ ಅಜ್ಜಿ, ನಾನು, ಮಕ್ಕಳು ಎದುರುಬದುರು ಕೂರುತ್ತೇವೆ. ಡಿಸ್ನಿ ಕೇಳಿದ್ದು ನಮ್ಮಲ್ಲಿ ಮೊದಲೇ ಇತ್ತು, ನಾವು ಈಗ ಅವನ ಬೆಂಚನ್ನು ತರಿಸಿಕೊಳ್ಳುತ್ತಿದ್ದೇವೆ.

ಮಕ್ಕಳ ಆಟದ ಬಗ್ಗೆ ತಲೆ ಕೆಡಿಸಿಕೊಂಡವರು ಇದೇ ಮಣ್ಣಿನವರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಮಕ್ಕಳಿಗೆಂದೇ 'ಬಾಲಪ್ರಪಂಚ'ದ ಸಂಪುಟಗಳನ್ನು ಬರೆದರು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಹೆಸರು ಕೇಳಿ ಮಗಳು ರೋಲರ್ ಕೋಸ್ಟರ್ ಹುಡುಕಿದಳು, ಇರಲಿಲ್ಲ, ಎರಡು ನಿಮಿಷ ಮುನಿಸಿಕೊಂಡಳು. ಆಮೇಲೆ ಓಡಲು ಜಾಗ ಇದೆ ಎಂದು ಗೊತ್ತಾಗಿ ಕರೆದರೂ ಬರಲಿಲ್ಲ.

ಹಬ್ಬದಿಂದ ಬರುವಾಗ ಕಾರಿನಲ್ಲಿ ಕೇಳಿದೆ, ಯಾವುದು ಚಂದ, ಇದಾ ವಂಡರ್‌ಲಾನಾ? ಮಗಳು ತಡಮಾಡದೆ "ವಂಡರ್‌ಲಾ" ಅಂದಳು. ನೀರಿನ ಆಟ ಇದೆ, ಧೂಳಿಲ್ಲ, ಟಾಯ್ಲೆಟ್ ಚೊಕ್ಕ ಇದೆ. ನನಗೆ ಬೇಸರವಾದದ್ದು ನಿಜ, ಆದರೆ ಅವಳ ಮೂರೂ ಕಾರಣ ಸರಿಯೇ ಇದ್ದವು. ಅಷ್ಟು ದೊಡ್ಡ ಜನಸಾಗರದ ಜಾತ್ರೆಗಳಲ್ಲಿ ಹೆಣ್ಣುಮಕ್ಕಳು ನೀರು ಕುಡಿಯಲು ಹೆದರುವ ಪರಿಸ್ಥಿತಿ ನನ್ನ ಅಮ್ಮನ ಕಾಲದಲ್ಲಿ ಇತ್ತು, ನನ್ನ ಮಗಳ ಕಾಲದಲ್ಲೂ ಇದೆ. ಎಲ್‌ಇಡಿ ಬಂದಷ್ಟು ಬೇಗ ಅದು ಬರಲಿಲ್ಲ. ನಮ್ಮ ಬಾಲ್ಯವನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಈ ದೂರು ಕೇಳಿಸಿಕೊಳ್ಳಬೇಕಾಗುತ್ತದೆ. ಹಬ್ಬದ ಫೋಟೋ ಹಾಕಿ "ನಾಸ್ಟಾಲ್ಜಿಯಾ" ಎಂದು ಬರೆಯುವ ಗೆಳೆಯರು, ನಾನೂ ಸೇರಿ, ಆ ಗದ್ದೆಯಲ್ಲಿ ಎರಡು ಟಾಯ್ಲೆಟ್ಟಿಗೆ ದುಡ್ಡು ಒಟ್ಟುಹಾಕಿದರೆ ಲೈಕಿಗಿಂತ ಉಪಯೋಗ.

ಮಗ ಹಿಂದಿನ ಸೀಟಿನಲ್ಲಿ ಕಬ್ಬು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆವು. ಅಜ್ಜಿಯ ಬಾಯಿಂದ ಎರಡು ದಿನದಲ್ಲಿ ಕಲಿತ ಭಾಷೆಯಲ್ಲಿ "ಇನ್ನೊಂದ್ ಸಲ ಹೋಪ" ಅಂದ. ಜನವರಿಯಲ್ಲಿ ಸಾಲಿಗ್ರಾಮದ ತೇರು ಇದೆ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ನಾಲ್ಕು ಬರ್ತ್ ಖಾಲಿ ಇದೆಯಾ ಎಂದು ಹೆಂಡತಿ ಆಗಲೇ ನೋಡುತ್ತಿದ್ದಳು.